ಬೇನೆಯ ಹೆಸರು, ಪೇಟೆಯ ಮಾತು: ಬೆಳಗಾವಿ ಪರಿಸರದ ಸಾಂಕ್ರಾಮಿಕ ಶಬ್ದಸಂಪತ್ತು

1

2020ರ ಮಾರ್ಚ್ 22 ರವಿವಾರವಾಗಿತ್ತು. ಅಂದು ದೇಶದಾದ್ಯಂತ ‘ಜನತಾ ಕರ್ಫ್ಯೂ’ ನಡೆಯಿತು. ಮೂರು ದಿನಗಳ ತರುವಾಯ, ಮಾರ್ಚ್ 25ರ ಯುಗಾದಿಯಂದು, ಇಡೀ ದೇಶದಲ್ಲಿ ಲಾಕ್‌ಡೌನ್ ಜಾರಿಗೆ ಬಂದಿತು. ಕಿರಾಣಿ ಮತ್ತು ಕಾಳುಕಡಿಗಳ ಸಗಟು ವ್ಯಾಪಾರಕ್ಕೆ ಹೆಸರಾದ ಬೆಳಗಾವಿಯ ರವಿವಾರ ಪೇಟೆಯಂತಹ ಸ್ಥಳಕ್ಕೆ ಯುಗಾದಿಯ ಮುನ್ನಾದಿನಗಳೆಂದರೆ ವರ್ಷದ ಮುಖ್ಯ ದಿನಗಳು. ಅದೇ ವರ್ಷದ ಮೇ ಕೊನೆಯಲ್ಲಿ, ಮತ್ತೆ ಜುಲೈ ತಿಂಗಳಿನಲ್ಲಿ, ರಾಜ್ಯ ಸರಕಾರವು ವಾರಕ್ಕೊಂದು ದಿನ ಪೂರ್ಣ ಮುಚ್ಚುಗಡೆಯನ್ನು ಘೋಷಿಸಿತು. ಆ ದಿನವನ್ನು ಬೆಂಗಳೂರಿನ ಕನ್ನಡ ‘ಭಾನುವಾರ’ವೆಂದಿತು, ಬೆಳಗಾವಿಯ ಕನ್ನಡಕ್ಕೂ ಮರಾಠಿಗೂ ಅದು ‘ರವಿವಾರ’. ವಾರದ ದಿನವೊಂದರಿಂದ ಹೆಸರು ಪಡೆದ ಪೇಟೆಯು ಅದೇ ದಿನದಂದು ಸರಕಾರದ ಅಪ್ಪಣೆಯ ಮೇರೆಗೆ ಬಾಗಿಲು ಹಾಕಿಕೊಳ್ಳಬೇಕಾಯಿತು.

ಹೊಸದೊಂದು ವೈರಾಣು ಹರಡತೊಡಗಿದಾಗ ಜನರು ಏನನ್ನು ಹೆದರುತ್ತಾರೆ ಎಂಬ ಪ್ರಶ್ನೆಯನ್ನು ವೈದ್ಯಶಾಸ್ತ್ರ, ಇತಿಹಾಸ, ಸಮಾಜಶಾಸ್ತ್ರಗಳು ತಮ್ಮ ತಮ್ಮ ರೀತಿಯಲ್ಲಿ ಕೇಳಿಕೊಂಡಿವೆ. ಕನ್ನಡ ಅಧ್ಯಯನವು ಇದನ್ನು ಮುಖ್ಯವಾಗಿ ಸಾಹಿತ್ಯಕೃತಿಗಳಲ್ಲಿ ಬರುವ ಪ್ಲೇಗಿನ ಚಿತ್ರಣದ ಮಟ್ಟಿಗೆ ನೋಡಿದೆ. ಆದರೆ ಭೀತಿಯು ಕೃತಿಗೆ ಬರುವ ಮೊದಲು ಮಾತಿಗೆ ಬರುತ್ತದೆ. ಬೇನೆಗೆ ಇಡುವ ಹೆಸರು, ಅದರೊಡನೆ ಬಳಸುವ ಕ್ರಿಯಾಪದ, ಮನುಷ್ಯನಿಗೆ ಹಚ್ಚುವ ವಿಭಕ್ತಿಪ್ರತ್ಯಯ ಇವುಗಳಲ್ಲಿ ಸಮಾಜವೊಂದು ರೋಗದ ಹೊಣೆಯನ್ನು ಯಾರ ಮೇಲೆ ಹೊರಿಸುತ್ತದೆ ಎಂಬುದು ದಾಖಲಾಗಿರುತ್ತದೆ. ಬೆಳಗಾವಿ-ಖಾನಾಪುರ ಪರಿಸರದ ಕನ್ನಡವನ್ನು ಎದುರಿಗಿಟ್ಟುಕೊಂಡು ಈ ಅಂಶವನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಕನ್ನಡ-ಮರಾಠಿಗಳೆರಡೂ ದಿನಬಳಕೆಯಲ್ಲಿರುವ, ಗೋವೆ ಮತ್ತು ಮಹಾರಾಷ್ಟ್ರಗಳ ಗಡಿಗೆ ಅಂಟಿಕೊಂಡಿರುವ ಈ ಪ್ರದೇಶದಲ್ಲಿ ‘ಹೊರಗಿನಿಂದ ಬಂದ ಬೇನೆ’ ಎಂಬ ಮಾತಿಗೆ ಬೇರೆಡೆಗಿಂತ ಹೆಚ್ಚಿನ ತೂಕವಿದೆ.

2

ಕನ್ನಡದಲ್ಲಿ ಕಾಯಿಲೆಯನ್ನು ಹೇಳುವ ವಾಕ್ಯದ ಕಟ್ಟಡ ಗಮನಾರ್ಹವಾದುದು. ‘ಅವನಿಗೆ ಜ್ವರ ಬಂದಿದೆ’ ಎಂಬಲ್ಲಿ ಕರ್ತೃಸ್ಥಾನದಲ್ಲಿರುವುದು ಜ್ವರ, ಮನುಷ್ಯನಿರುವುದು ಚತುರ್ಥಿಯಲ್ಲಿ. ಬರುವುದು, ಆಗುವುದು, ಹತ್ತುವುದು, ಬಿಡುವುದು ಇವೆಲ್ಲ ರೋಗದ ಕ್ರಿಯೆಗಳು. ಬೆಳಗಾವಿ ಕಡೆಯ ಆಡುಮಾತು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ‘ಅವಂಗ ಜ್ವರಾ ಬಂದಾವ’, ‘ಉರಿ ಬಂದಾವ’ ಎಂದು ಬಹುವಚನವನ್ನು ಬಳಸುತ್ತದೆ. ಮನುಷ್ಯನೊಬ್ಬ, ಬಂದವುಗಳು ಹಲವು. ‘ಜಡ್ಡು ಬಿದ್ದಾನ’ ಎಂಬ ಪ್ರಯೋಗದಲ್ಲಿ ಮನುಷ್ಯನೇ ಕರ್ತೃವಾಗಿದ್ದಾನೆಂಬುದು ನಿಜ. ಆದರೆ ಬೀಳುವುದು ಯಾರೂ ಬೇಕೆಂದು ಮಾಡುವ ಕೆಲಸವಲ್ಲವಾದ್ದರಿಂದ ಅಲ್ಲಿಯೂ ಹೊಣೆ ಅವನದಾಗುವುದಿಲ್ಲ. ಮರಾಠಿಯ ‘ತ್ಯಾಲಾ ತಾಪ ಆಲಾ’ ಎಂಬ ವಾಕ್ಯದ ರಚನೆಯೂ ಇದೇ ಬಗೆಯದು. ಅಂದರೆ ರವಿವಾರ ಪೇಟೆಯ ಅಂಗಡಿಕಾರನೂ ಗಿರಾಕಿಯೂ ಭಾಷೆ ಬದಲಾಯಿಸಿದರೂ ರೋಗವನ್ನು ಕುರಿತ ತಿಳಿವಳಿಕೆಯನ್ನು ಬದಲಾಯಿಸಬೇಕಾಗಿಲ್ಲ.

ಸಿಡುಬಿನ ಹೆಸರುಗಳಲ್ಲಿ ಇದು ಇನ್ನೂ ಸ್ಪಷ್ಟವಾಗುತ್ತದೆ. ವೈರಾಣುವಿನಿಂದ ಬರುವ ಈ ರೋಗಕ್ಕೆ ದಕ್ಷಿಣದ ಕನ್ನಡದಲ್ಲಿ ‘ಅಮ್ಮ’, ಉತ್ತರದ ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ‘ದೇವಿ’ ಎಂಬ ಹೆಸರುಗಳಿವೆ. ಬಂದವಳು ದೇವಿಯಾದ್ದರಿಂದ ಆಕೆಯನ್ನು ಬೈಯುವಂತಿಲ್ಲ, ಬಂದ ಮನೆಯನ್ನೂ ಹಳಿಯುವಂತಿಲ್ಲ. ಬೇವಿನ ಸೊಪ್ಪು, ತಂಪು ಆಹಾರ, ಮಡಿ, ಮನೆಗೆ ಬೇರೆಯವರು ಬರದಿರುವುದು ಇವುಗಳೆಲ್ಲ ಆಕೆಗೆ ಸಲ್ಲಿಸುವ ಮರ್ಯಾದೆಯ ಭಾಗವಾಗುತ್ತವೆ. ಇಂದಿನ ಪರಿಭಾಷೆಯಲ್ಲಿ ಪ್ರತ್ಯೇಕವಾಸವೆನ್ನಬಹುದಾದ ಕ್ರಮವನ್ನೇ ಈ ಸಂಪ್ರದಾಯವು ಅವಮಾನದ ಸೋಂಕಿಲ್ಲದೆ ನಡೆಸಿಕೊಂಡು ಬಂದಿತ್ತು. ಇದರಿಂದ ಸಾವು ತಪ್ಪುತ್ತಿರಲಿಲ್ಲವೆಂಬುದನ್ನು ಮರೆಯಲಾಗದು. ಆ ದಿನಗಳನ್ನು ಹಾಡಿ ಹೊಗಳುವುದಕ್ಕೆ ಕಾರಣವಿಲ್ಲ. ಹೆಸರು ಮಾಡಿದ ಕೆಲಸವಷ್ಟೇ ಇಲ್ಲಿ ಮುಖ್ಯ. ದಡಾರಕ್ಕೆ ಈ ಭಾಗದಲ್ಲಿರುವ ‘ಗೊಬ್ಬರ’ ಎಂಬ ಹೆಸರು ಮರಾಠಿಯ ‘ಗೋವರ’ಕ್ಕೆ ಹತ್ತಿರದ್ದು. ಅದೂ ‘ಏಳುತ್ತದೆ’, ‘ಹೋಗುತ್ತದೆ’.

ಲಸಿಕೆ ಬಂದಾಗಲೂ ಜನರು ಈ ಹೆಸರನ್ನು ಬಿಟ್ಟುಕೊಡಲಿಲ್ಲ. ಹಳೆಯ ಮೈಸೂರು ಕಡೆ ಅದು ‘ದಾಕು ಹಾಕುವುದು’. ಉತ್ತರ ಕರ್ನಾಟಕದಲ್ಲಿ ‘ದೇವಿ ಹಾಕುವುದು’. ರೋಗದ ಹೆಸರೇ ಮದ್ದಿನ ಹೆಸರೂ ಆಯಿತು. ಬೆಳಗಾವಿಗೆ ಈ ವಿಷಯದಲ್ಲಿ ವಿಶೇಷವಾದ ಸ್ಥಾನವಿದೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಇಲ್ಲಿ ತಲೆಯೆತ್ತಿದ ವ್ಯಾಕ್ಸಿನ್ ಸಂಸ್ಥೆಯು ಮುಂಬಯಿ ಪ್ರಾಂತಕ್ಕೆ ಬೇಕಾದ ಸಿಡುಬಿನ ಲಸಿಕೆಯನ್ನು ಕರುಗಳ ಮೂಲಕ ತಯಾರಿಸುತ್ತಿತ್ತು. ಟಿಳಕವಾಡಿಯ ಆ ಸ್ಥಳವು ಇಂದಿಗೂ ‘ವ್ಯಾಕ್ಸಿನ್ ಡಿಪೋ’ ಎಂದೇ ಕರೆಯಲ್ಪಡುತ್ತದೆ. ನಗರದ ಬಾಯಲ್ಲಿ ‘ವ್ಯಾಕ್ಸಿನ್’ ಎಂಬ ಶಬ್ದವು ಬಹುಕಾಲ ಚುಚ್ಚುಮದ್ದನ್ನಲ್ಲ, ಮರಗಳಿರುವ ಒಂದು ಮೈದಾನವನ್ನು ಸೂಚಿಸುತ್ತಿತ್ತು. 1975ರ ನಂತರ ಭಾರತದಲ್ಲಿ ಸಿಡುಬು ಕಾಣಿಸಲಿಲ್ಲ. 2020ರ ಜುಲೈಯಲ್ಲಿ ಕೋವ್ಯಾಕ್ಸಿನ್‌ನ ಮೊದಲ ಹಂತದ ಪ್ರಯೋಗಕ್ಕೆ ಆಯ್ಕೆಯಾದ ದೇಶದ 12 ಕೇಂದ್ರಗಳಲ್ಲಿ ಬೆಳಗಾವಿಯ ಜೀವನರೇಖಾ ಆಸ್ಪತ್ರೆಯೂ ಒಂದಾಗಿದ್ದಾಗ ಆ ಶಬ್ದ ತನ್ನ ಮೂಲಾರ್ಥಕ್ಕೆ ಮರಳಿತು. ಮರಾಠಿಯ ‘ಲಸ’, ಕನ್ನಡದ ‘ಲಸಿಕೆ’ ಎರಡೂ ಸಂಸ್ಕೃತ ಮೂಲದವು. ದೇವಿಯ ಹೆಸರು ಮಾತ್ರ ಈ ಸಲ ಮದ್ದಿಗೆ ಬರಲಿಲ್ಲ.

3

ಪ್ಲೇಗು ವೈರಾಣುವಿನ ರೋಗವಲ್ಲ, ಬ್ಯಾಕ್ಟೀರಿಯಾದಿಂದ ಬರುವಂಥದು. ಆದರೂ ಕನ್ನಡಿಗರ ನೆನಪಿನಲ್ಲಿ ಮುಂದಿನ ಎಲ್ಲ ಸಾಂಕ್ರಾಮಿಕಗಳಿಗೂ ಅದೇ ಅಳತೆಗೋಲಾದ್ದರಿಂದ ಅದನ್ನು ಬಿಟ್ಟು ಈ ಚರ್ಚೆ ಸಾಗುವುದಿಲ್ಲ. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು ಒಂದೆರಡು ವರ್ಷಗಳಲ್ಲಿ ರೈಲುಹಾದಿಯ ಗುಂಟ ಬೆಳಗಾವಿ, ಧಾರವಾಡ ಜಿಲ್ಲೆಗಳನ್ನು ಮುಟ್ಟಿತು. 1898ರಲ್ಲಿ ಹುಬ್ಬಳ್ಳಿ, ಧಾರವಾಡ, ಗದಗುಗಳಲ್ಲಿ ಹಾಫ್‌ಕಿನ್ ಅವರ ಪ್ಲೇಗು ಲಸಿಕೆಯನ್ನು ದೊಡ್ಡ ಪ್ರಮಾಣದಲ್ಲಿ ಹಾಕಲಾಯಿತು. 1897ರ ಸಾಂಕ್ರಾಮಿಕ ರೋಗಗಳ ಅಧಿನಿಯಮ ಆ ಸಂದರ್ಭದ್ದು. ಮನೆ ಹೊಕ್ಕು ಶೋಧಿಸುವ, ರೋಗಿಗಳನ್ನು ಬೇರ್ಪಡಿಸುವ ಕ್ರಮಗಳ ಬಗೆಗೆ ಪುಣೆಯಲ್ಲಿ ಎದ್ದ ಸಿಟ್ಟು ಅದೇ ವರ್ಷದ ಜೂನ್ 22ರಂದು ಪ್ಲೇಗು ಅಧಿಕಾರಿ ರ‍್ಯಾಂಡ್‌ನ ಮೇಲಿನ ಗುಂಡೇಟಿನಲ್ಲಿ ಕೊನೆಗೊಂಡಿತು. 2020ರ ಮಾರ್ಚ್‌ನಲ್ಲಿ ಕರ್ನಾಟಕ ಸರಕಾರ ಹೊರಡಿಸಿದ ಕೋವಿಡ್ ನಿಯಮಗಳಿಗೂ ಆಧಾರವಾದುದು 123 ವರ್ಷ ಹಳೆಯದಾದ ಇದೇ ಕಾಯಿದೆ.

ಆ ಕಾಲದ ಮಾತುಗಳಲ್ಲಿ ಎರಡು ಮುಖ್ಯವಾದವು. ಒಂದು ‘ಇಲಿ ಬೀಳುವುದು’. ಪ್ಲೇಗು ಬಂದಿತೆಂದು ಹೇಳುವ ಬದಲು ‘ಇಲಿ ಬಿದ್ದಿತು’ ಎಂದರೆ ಸಾಕಾಗಿತ್ತು. ಇನ್ನೊಂದು ‘ಊರು ಬಿಡುವುದು’. ಇಲಿ ಬಿದ್ದ ಮೇಲೆ ಊರಿನವರೆಲ್ಲ ಹೊಲಗಳಲ್ಲಿ ಗುಡಿಸಲು ಹಾಕಿಕೊಂಡು ತಿಂಗಳುಗಟ್ಟಲೆ ಇರುತ್ತಿದ್ದರು. ಇದರ ವಿವರವಾದ ಚಿತ್ರ ದೊರೆಯುವುದು ಹಳೆಯ ಮೈಸೂರು ಸೀಮೆಯ ಹಿನ್ನೆಲೆಯುಳ್ಳ ಎಸ್.ಎಲ್. ಭೈರಪ್ಪನವರ ‘ಗೃಹಭಂಗ’ದಲ್ಲಿ. ಅಲ್ಲಿ ನಂಜಮ್ಮನ ಮಕ್ಕಳು ಪ್ಲೇಗಿಗೆ ಬಲಿಯಾಗುವ ಪ್ರಕರಣದಲ್ಲಿ ಓದುಗನನ್ನು ಹಿಡಿದು ನಿಲ್ಲಿಸುವುದು ಸಾವಿನ ವರ್ಣನೆಗಿಂತ ಸಂಸಾರದ ಲೆಕ್ಕಾಚಾರ: ಗುಡಿಸಲಿಗೆ ಗಳ ಎಲ್ಲಿಂದ, ಮನೆಯೊಳಗಿನ ದಿನಸಿ ತರುವುದು ಹೇಗೆ ಎಂಬಂತಹ ಚಿಂತೆಗಳು. ಯು.ಆರ್. ಅನಂತಮೂರ್ತಿಯವರ ‘ಸಂಸ್ಕಾರ’ದಲ್ಲಿ ಇದಕ್ಕೆ ವಿರುದ್ಧವಾದ ಸ್ಥಿತಿಯಿದೆ. ದೂರ್ವಾಸಪುರದ ಅಗ್ರಹಾರ ಇಲಿಗಳು ಬೀಳುವುದನ್ನು ಕಣ್ಣಾರೆ ಕಂಡರೂ, ನಾರಣಪ್ಪನ ಶವಸಂಸ್ಕಾರದ ಅಧಿಕಾರ ಯಾರದೆಂಬ ಚಿಂತೆಯಲ್ಲಿ ಮುಳುಗಿ, ಅದನ್ನು ಪ್ಲೇಗೆಂದು ಗುರುತಿಸಲಾರದೆ ಹೋಗುತ್ತದೆ. ಹೆಸರಿಡಲು ತಡವಾದುದೇ ಅಲ್ಲಿನ ದುರಂತದ ಒಂದು ಭಾಗ. ಸಾಂಕ್ರಾಮಿಕದ ಆರಂಭದ ದಿನಗಳ ಮನಸ್ಸನ್ನು ಅರಿಯಲು ಈ ಎರಡು ಕೃತಿಗಳನ್ನು ಒಟ್ಟಿಗೆ ಓದುವುದು ಪ್ರಯೋಜನಕರ.

‘ಊರು ಬಿಡುವುದು’ ಸಾಮೂಹಿಕ ಕ್ರಿಯೆ. ಬೇನೆ ಬಂದುದು ಊರಿಗೆ, ಬಿಡುವವರೂ ಊರಿನವರೆಲ್ಲ. ಜಾತಿಯ ಗೆರೆಗಳು ಹೊಲದಲ್ಲಿಯೂ ಉಳಿಯುತ್ತಿದ್ದವೆಂಬುದು ಬೇರೆ ಮಾತು. 2020ರಲ್ಲಿ ನಡೆದುದು ಇದರ ತಿರುವು. ಊರು ಬಿಡುವ ಬದಲು ಊರು ಮುಚ್ಚಿಕೊಂಡಿತು. ಮಾರ್ಚ್ ಕೊನೆಯ ವಾರದಲ್ಲಿ ಕರ್ನಾಟಕದ ಅನೇಕ ಹಳ್ಳಿಗಳ ದಾರಿಗೆ ಮುಳ್ಳುಕಂಟಿಗಳು ಅಡ್ಡ ಬಿದ್ದವು, ಡಂಗುರ ಸಾರಲಾಯಿತು, ಹೊರಗಿನವರಿಗೆ ಪ್ರವೇಶವಿಲ್ಲವೆಂಬ ಫಲಕಗಳು ನಿಂತವು. ‘ಹೊರಗಿನವರು’ ಎಂದರೆ ಯಾರು? ಎಷ್ಟೋ ಕಡೆ ಅವರು ಅದೇ ಊರಿನಿಂದ ಗುಳೆ ಹೋಗಿ ಮರಳಿದ ಮಕ್ಕಳು, ಅಳಿಯಂದಿರು.

4

ಹೊಸ ಬೇನೆಯ ಮೊದಲ ವಾರಗಳಲ್ಲಿ ಜನರ ಮಾತಿನಲ್ಲಿ ಕೇಳಿಬರುವುದು ಸಾವಿನ ಭೀತಿಯೇ ಎಂದು ಸಾಮಾನ್ಯವಾಗಿ ತಿಳಿಯಲಾಗಿದೆ. ಪೇಟೆಯ ಕಡೆಯಿಂದ ನೋಡಿದರೆ ಚಿತ್ರ ಬೇರೆಯಾಗಿ ಕಾಣುತ್ತದೆ. ಏನು ತಿನ್ನಬಹುದು, ಏನು ಮುಟ್ಟಬಹುದು, ಯಾರಿಗೆ ಉದ್ರಿ ಕೊಡಬಹುದು ಎಂಬ ಪ್ರಶ್ನೆಗಳು ಮೊದಲು ಬರುತ್ತವೆ. ಇವುಗಳಿಗೂ ಭಾಷೆಗೂ ನೇರವಾದ ನಂಟಿರುವುದಕ್ಕೆ ಹಿಂದಿನ ಎರಡು ದಶಕಗಳಲ್ಲಿಯೇ ಸಾಕಷ್ಟು ನಿದರ್ಶನಗಳಿವೆ.

2006ರಲ್ಲಿ ಕರ್ನಾಟಕದಲ್ಲಿ ವ್ಯಾಪಕವಾಗಿ ಹರಡಿದ ಚಿಕೂನ್‌ಗುನ್ಯಾದ ಹೆಸರು ಆಫ್ರಿಕದ ಮಕೊಂಡೆ ಭಾಷೆಯದು. ಕೀಲುನೋವಿನಿಂದ ಮೈ ಬಾಗುವುದನ್ನು ಅದು ಸೂಚಿಸುತ್ತದೆ. ಕನ್ನಡದ ಕಿವಿಗೆ ಅದು ‘ಚಿಕನ್ ಗುನ್ಯಾ’ ಎಂದು ಕೇಳಿಸಿತು. ಸೊಳ್ಳೆಯಿಂದ ಬರುವ ರೋಗಕ್ಕೆ ಕೋಳಿ ಕಾರಣವಾಯಿತು. ಅದೇ ವರ್ಷದ ಫೆಬ್ರುವರಿಯಲ್ಲಿ ಮಹಾರಾಷ್ಟ್ರದ ನವಾಪುರದಲ್ಲಿ ಹಕ್ಕಿಜ್ವರ ಕಾಣಿಸಿಕೊಂಡಿದ್ದುದು ಈ ತಪ್ಪು ತಿಳಿವಳಿಕೆಗೆ ಇಂಬು ಕೊಟ್ಟಿರಲು ಸಾಕು. ಭಾಷಾವಿಜ್ಞಾನದಲ್ಲಿ ಜನಪದ ವ್ಯುತ್ಪತ್ತಿ ಎಂದು ಕರೆಯಲಾಗುವ ವಿದ್ಯಮಾನವು ಸಾಮಾನ್ಯವಾಗಿ ಊರ ಹೆಸರುಗಳ ಚರ್ಚೆಯಲ್ಲಿ ಬರುವ ನಿರಪಾಯಕಾರಿ ಸಂಗತಿ. ಇಲ್ಲಿ ಅದು ಸಾಕಣೆದಾರರ ಹೊಟ್ಟೆಯ ಮೇಲೆ ಹೊಡೆಯಿತು. 2009ರ ‘ಹಂದಿಜ್ವರ’ದ ಕತೆಯೂ ಇಂಥದೇ. ಮನುಷ್ಯನಿಂದ ಮನುಷ್ಯನಿಗೆ ಹರಡುವ ರೋಗ ಪ್ರಾಣಿಯ ಹೆಸರು ಹೊತ್ತು ಬಂದಿತು. ಆ ವರ್ಷದ ಆಗಸ್ಟ್‌ನಲ್ಲಿ ದೇಶದ ಮೊದಲ ಸಾವು ಪುಣೆಯಲ್ಲಿ ಸಂಭವಿಸಿದ ಸುದ್ದಿಯು ಓದು, ನೌಕರಿಗಳ ನಿಮಿತ್ತ ಪುಣೆಯೊಡನೆ ನಿತ್ಯದ ಹೋಗಿಬರುವಿಕೆಯುಳ್ಳ ಬೆಳಗಾವಿಗೆ ಸಮೀಪದ ಸುದ್ದಿಯಾಗಿತ್ತು.

2020ರ ಮಾರ್ಚ್ ತಿಂಗಳಿನಲ್ಲಿ, ಜಿಲ್ಲೆಯಲ್ಲಿ ಒಂದೂ ಪ್ರಕರಣ ವರದಿಯಾಗುವ ಮೊದಲೇ, ಗೋಕಾಕ ತಾಲೂಕಿನ ಸಾಕಣೆದಾರರೊಬ್ಬರು ಸುಮಾರು 6 ಸಾವಿರ ಕೋಳಿಗಳನ್ನು ಗುಂಡಿ ತೋಡಿಸಿ ಜೀವಂತ ಹೂಳಿಸಿದರು. ಕೋಳಿಯಿಂದ ಕೊರೊನಾ ಬರುತ್ತದೆಂಬ ವದಂತಿ ಹಬ್ಬಿ, ದರ ಕುಸಿದು, ಮೇವಿನ ವೆಚ್ಚವೂ ಹುಟ್ಟದಾಗಿತ್ತು. ಈ ಘಟನೆಯಲ್ಲಿ ವೈರಾಣು ಇನ್ನೂ ಊರಿಗೆ ಬಂದಿರಲಿಲ್ಲ; ಹೆಸರು ಬಂದಿತ್ತು. ಸಾಂಕ್ರಾಮಿಕಗಳ ಇತಿಹಾಸದಲ್ಲಿ ಹೆಸರು ರೋಗಕ್ಕಿಂತ ವೇಗವಾಗಿ ಚಲಿಸುತ್ತದೆ ಎನ್ನುವುದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷಿ ಬೇಕಿಲ್ಲ. ವದಂತಿಯನ್ನು ಅಜ್ಞಾನವೆಂದು ತಳ್ಳಿಹಾಕುವುದು ಸುಲಭ. ಆದರೆ ಕಾಣದ ಅಪಾಯಕ್ಕೆ ಕಾಣುವ ಒಂದು ವಸ್ತುವನ್ನು ಹುಡುಕಿಕೊಡುವ ಕೆಲಸವನ್ನು ವದಂತಿ ಮಾಡುತ್ತದೆ. ಕೋಳಿಯನ್ನು ತಿನ್ನದಿರಬಹುದು, ಗಾಳಿಯನ್ನು ಉಸಿರಾಡದಿರಲಾಗದು.

ಪೇಟೆ ಮುಚ್ಚಿದ ಮೇಲಿನ ಚಿಂತೆಗಳು ಇನ್ನೊಂದು ಬಗೆಯವು. ಖಾನಾಪುರ ತಾಲೂಕಿನ ಹಳ್ಳಿಗಳ ಸಣ್ಣ ಅಂಗಡಿಗಳಿಗೆ ಮಾಲು ಹೋಗುವುದು ಬೆಳಗಾವಿಯ ಪೇಟೆಗಳಿಂದ. ಬಸ್ಸು ನಿಂತರೆ ಮಾಲೂ ನಿಲ್ಲುತ್ತದೆ, ಕೊಟ್ಟ ಉದ್ರಿಯ ವಸೂಲಿಯೂ ನಿಲ್ಲುತ್ತದೆ. ರಾಜ್ಯದಲ್ಲಿ ಸರಕಾರಿ ಬಸ್ಸುಗಳು ಮತ್ತೆ ರಸ್ತೆಗಿಳಿದುದು 2020ರ ಮೇ 19ರಂದು. ಈ ನಡುವಿನ ಎಂಟು ವಾರಗಳಲ್ಲಿ ಹಮಾಲನಿಗೆ ಮೂಟೆಯಿಲ್ಲ, ಮೂಟೆಯಿಲ್ಲದೆ ಕೂಲಿಯಿಲ್ಲ. ಮನೆಯೊಳಗೆ ಜೋಳವಿದ್ದರೂ ಹಿಟ್ಟಿನ ಗಿರಣಿ ತೆರೆಯದಿದ್ದರೆ ರೊಟ್ಟಿಯಿಲ್ಲ. ಉತ್ತರ ಕರ್ನಾಟಕದ ಹೆಣ್ಣುಮಕ್ಕಳಿಗೆ ‘ಗಿರಣಿ ಚಾಲೂ ಐತೇನು?’ ಎಂಬ ಪ್ರಶ್ನೆ ಆ ದಿನಗಳಲ್ಲಿ ಎಷ್ಟು ದೊಡ್ಡದಾಗಿತ್ತೆಂಬುದು ಅಕ್ಕಿಯನ್ನು ಉಣ್ಣುವ ಸೀಮೆಯವರಿಗೆ ಸುಲಭವಾಗಿ ಹೊಳೆಯಲಾರದು. ಕೇಂದ್ರ ಸರಕಾರವು ಮಹಿಳೆಯರ ಜನಧನ ಖಾತೆಗೆ ಮೂರು ತಿಂಗಳು ತಲಾ 500 ರೂಪಾಯಿ ಹಾಕಿದಾಗ, ಹಣ ಪಡೆಯಲು ಬ್ಯಾಂಕಿನ ಮುಂದಿನ ಸಾಲಿನಲ್ಲಿ ನಿಲ್ಲಬೇಕು, ಸಾಲಿನಲ್ಲಿ ನಿಂತರೆ ಬೇನೆ ಹತ್ತೀತು ಎಂಬ ಇಕ್ಕಟ್ಟು ಹುಟ್ಟಿತು. ಅಂಗಡಿಗಳ ಮುಂದೆ ಸುಣ್ಣದಿಂದ ಬರೆದ ವೃತ್ತಗಳು ಆ ಇಕ್ಕಟ್ಟಿನ ದೃಶ್ಯರೂಪಗಳು.

ಈ ಚಿಂತೆಗಳು ರೋಗದ ಭೀತಿಗಿಂತ ಕೀಳಾದವು ಅಥವಾ ಗೌಣವಾದವು ಎಂಬ ಭಾವನೆ ಪತ್ರಿಕಾ ಬರವಣಿಗೆಯಲ್ಲಿ ಹೆಚ್ಚಾಗಿ ಕಾಣಸಿಗುತ್ತದೆ. ನಿಯಮ ಮೀರಿ ಪೇಟೆಗೆ ಬಂದವರನ್ನು ‘ಬೇಜವಾಬ್ದಾರಿ ಜನ’ ಎಂದು ಕರೆದ ಶೀರ್ಷಿಕೆಗಳಿಗೆ ಕೊರತೆಯಿರಲಿಲ್ಲ. ‘ಗೃಹಭಂಗ’ದ ಓದುಗರಿಗೆ ಈ ಮಾತು ಒಪ್ಪಿಗೆಯಾಗುವುದು ಕಷ್ಟ.

5

ಕೋವಿಡ್ ಕಾಲದಲ್ಲಿ ಅತಿ ಹೆಚ್ಚು ಬಳಕೆಯಾದ ಕನ್ನಡ ಶಬ್ದ ‘ಸೋಂಕು’. ಹಳಗನ್ನಡದಲ್ಲಿ ಇದರ ಅರ್ಥ ಮುಟ್ಟುವಿಕೆ, ಸ್ಪರ್ಶ. ಕಾವ್ಯಗಳಲ್ಲಿ ಗಾಳಿಯ ಸೋಂಕು, ಪ್ರಿಯರ ಸೋಂಕು ಸುಖಕರವಾದವುಗಳು. ವಚನಕಾರರಲ್ಲಿ ಅದು ಲಿಂಗಾಂಗ ಸಂಬಂಧದ ಪರಿಭಾಷೆಗೂ ಸೇರುತ್ತದೆ. ಜನಪದದಲ್ಲಿ ‘ಗಾಳಿ ಸೋಂಕು’ ಎಂದರೆ ಭೂತಪ್ರೇತಗಳ ತಗಲುವಿಕೆ. ಆಧುನಿಕ ವೈದ್ಯಕೀಯ ಬರವಣಿಗೆಯು ಈ ಮೂರನೆಯ ಅರ್ಥಕ್ಕೆ ಹತ್ತಿರವಾಗಿ ಶಬ್ದವನ್ನು ತೆಗೆದುಕೊಂಡಿತು. ಅಷ್ಟರ ಮಟ್ಟಿಗೆ ತಕರಾರಿಲ್ಲ. ‘ಅವರಿಗೆ ಸೋಂಕು ತಗಲಿದೆ’ ಎಂಬಲ್ಲಿ ಮನುಷ್ಯ ಇನ್ನೂ ಚತುರ್ಥಿಯಲ್ಲಿಯೇ ಇದ್ದಾನೆ.

ಬದಲಾವಣೆ ಆದುದು ‘ಸೋಂಕಿತ’ ಎಂಬಲ್ಲಿ. ಅಚ್ಚಗನ್ನಡ ಧಾತುವಿಗೆ ಸಂಸ್ಕೃತದ ‘ಇತ’ ಪ್ರತ್ಯಯ ಹಚ್ಚಿದ ಈ ರೂಪವು ವ್ಯಾಕರಣದ ದೃಷ್ಟಿಯಿಂದ ಕಸಿ ಮಾಡಿದ ಗಿಡ. ಅದಕ್ಕಿಂತ ಮುಖ್ಯವಾದುದು, ಬರುವ-ಹೋಗುವ ಬೇನೆಯನ್ನು ಅದು ಮನುಷ್ಯನ ಗುಣವಾಗಿ ಮಾರ್ಪಡಿಸುತ್ತದೆ. ‘ಜ್ವರ ಬಂದವನು’ ಜ್ವರ ಬಿಟ್ಟ ಮೇಲೆ ಬೇರೆಯವನಾಗುತ್ತಾನೆ. ‘ಸೋಂಕಿತ’ನಾದವನು ಯಾವಾಗ ಸೋಂಕಿತನಲ್ಲದವನಾಗುತ್ತಾನೆಂಬುದನ್ನು ಶಬ್ದ ಹೇಳುವುದಿಲ್ಲ. ಈ ಶಬ್ದ ಕೊರೊನಾದೊಡನೆ ಹುಟ್ಟಿದುದಲ್ಲ. ‘ಎಚ್‌ಐವಿ ಸೋಂಕಿತರು’, ‘ಪಾಸಿಟಿವ್’ ಎಂಬ ಮಾತುಗಳು ಅದಕ್ಕಿಂತ ಬಹಳ ಮೊದಲೇ, ಆ ವೈರಾಣುವಿನ ಹಾವಳಿ ಹೆಚ್ಚಾಗಿದ್ದ ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳ ಜಾಗೃತಿ ಫಲಕಗಳಲ್ಲಿ ನೆಲೆಯೂರಿದ್ದವು. ಅಂದು ಆ ಶಬ್ದಗಳಿಗೆ ಅಂಟಿಕೊಂಡ ನಾಚಿಕೆ, ಗುಟ್ಟು, ಊರವರ ದೂರುವಿಕೆಗಳು 2020ರಲ್ಲಿ ಶಬ್ದದ ಜೊತೆಗೇ ಮರಳಿ ಬಂದವು. ‘ಪಾಸಿಟಿವ್ ಬಂತು’ ಎಂಬ ಮೊದಮೊದಲಿನ ಪ್ರಯೋಗ ಕೆಲವೇ ದಿನಗಳಲ್ಲಿ ‘ಅವರು ಪಾಸಿಟಿವ್’ ಎಂದಾಯಿತು. ಚತುರ್ಥಿ ಹೋಗಿ ಪ್ರಥಮೆ ಬಂದಿತು. ಜ್ವರ, ಕೆಮ್ಮುಗಳಿಲ್ಲದೆ ಓಡಾಡಿಕೊಂಡಿರುವವನನ್ನೂ ಪರೀಕ್ಷೆಯೊಂದು ಹೀಗೆ ಕರೆಯಬಹುದಾದುದು ಜನರನ್ನು ಕಂಗೆಡಿಸಿತು. ಬೇನೆ ಎಂದರೆ ನೋವು ಎಂದು ತಿಳಿದ ಭಾಷೆಗೆ ನೋವಿಲ್ಲದ ಬೇನೆ ಹೊಸದಾಗಿತ್ತು.

ಇದಕ್ಕೆ ಸಂಖ್ಯೆಯೂ ಜೊತೆಗೂಡಿತು. ರಾಜ್ಯದ ಆರೋಗ್ಯ ಇಲಾಖೆಯ ದೈನಂದಿನ ಪ್ರಕಟಣೆಗಳಲ್ಲಿ ಪ್ರತಿಯೊಬ್ಬರಿಗೂ ಒಂದೊಂದು ರೋಗಿ ಸಂಖ್ಯೆ ನೀಡಿ, ವಯಸ್ಸು, ಊರು, ಯಾರ ಸಂಪರ್ಕದಿಂದ ಬಂದಿತೆಂಬ ವಿವರಗಳನ್ನು ಕೊಡಲಾಗುತ್ತಿತ್ತು. ಹೆಸರು ಮುಚ್ಚಿಡುವುದು ಉದ್ದೇಶವಾಗಿತ್ತು. ಹತ್ತು ಸಾವಿರ ಜನರಿರುವ ಊರಿನಲ್ಲಿ ವಯಸ್ಸು, ಓಣಿ ತಿಳಿದರೆ ಹೆಸರು ತಿಳಿಯಲು ತಡವಾಗದು. ಸಂಖ್ಯೆಗಳ ಈ ಸರಪಳಿಯು ಸಾಂಕ್ರಾಮಿಕಶಾಸ್ತ್ರಕ್ಕೆ ಅಗತ್ಯವಾದ ಮಾಹಿತಿ; ಓದುವವನ ಮಟ್ಟಿಗೆ ಅದು ‘ಯಾರಿಂದ ಯಾರಿಗೆ’ ಎಂಬ ಆರೋಪಪಟ್ಟಿ. ದೇವಿಯು ಯಾರ ಮನೆಗೆ ಮೊದಲು ಬಂದಳೆಂದು ಊರು ಲೆಕ್ಕವಿಟ್ಟಿರಲಿಲ್ಲ.

ಬೆಳಗಾವಿಯಲ್ಲಿ ಈ ಆರೋಪ ಎರಡು ಸಲ ದಿಕ್ಕು ಬದಲಿಸಿತು. 2020ರ ಏಪ್ರಿಲ್ ಮೊದಲ ವಾರದಲ್ಲಿ ಜಿಲ್ಲೆಯ ಮೊದಲ ಪ್ರಕರಣಗಳು ದೆಹಲಿಯ ಧಾರ್ಮಿಕ ಸಮಾವೇಶವೊಂದರಿಂದ ಮರಳಿದವರಲ್ಲಿ ಕಂಡುಬಂದಾಗ, ಹಿರೇಬಾಗೇವಾಡಿ, ಕುಡಚಿ ಎಂಬ ಊರುಗಳ ಹೆಸರೇ ಬೈಗುಳದಂತೆ ಬಳಕೆಯಾಯಿತು; ಬೇನೆಯ ಹೊಣೆಯನ್ನು ಒಂದು ಸಮುದಾಯದ ಮೇಲೆ ಹೊರಿಸುವ ಮಾತುಗಳು ಹಬ್ಬಿದವು. ಮೇ ತಿಂಗಳಿನಲ್ಲಿ ರಾಜ್ಯದ ಪ್ರಕರಣಗಳಲ್ಲಿ ಹೆಚ್ಚಿನವು ‘ಮಹಾರಾಷ್ಟ್ರದಿಂದ ಬಂದವರು’ ಎಂಬ ಶೀರ್ಷಿಕೆಯಡಿ ದಾಖಲಾಗತೊಡಗಿದವು. ನಿಪ್ಪಾಣಿ ಸಮೀಪದ ಕೊಗನೊಳ್ಳಿ ತಪಾಸಣಾ ನಾಕೆಯು ಸುದ್ದಿಯಲ್ಲಿ ದಿನವೂ ಬರುವ ಹೆಸರಾಯಿತು. ಬೆಂಗಳೂರಿಗೆ ‘ಮಹಾರಾಷ್ಟ್ರದಿಂದ ಬಂದವರು’ ಒಂದು ಅಂಕಿಸಂಖ್ಯೆ. ಬೆಳಗಾವಿಗೆ ಅವರು ಕೊಲ್ಹಾಪುರದಲ್ಲಿರುವ ಮಗಳು, ಮುಂಬಯಿಯಲ್ಲಿ ದುಡಿಯುವ ತಮ್ಮ. ಮರಾಠಿಯಲ್ಲಿ ಸಾಂಕ್ರಾಮಿಕಕ್ಕೆ ‘ಸಾಥ’ ಎಂಬ ಶಬ್ದವಿದೆ. ಜೊತೆ, ಸಂಗಡ ಎಂಬ ಅರ್ಥದ ‘ಸಾಥ’ವೂ ಉಚ್ಚಾರದಲ್ಲಿ ಅದೇ. ಎರಡೂ ಭಾಷೆ ಬಲ್ಲ ಓಣಿಗಳಲ್ಲಿ ಈ ಶ್ಲೇಷೆ ಯಾರಿಗೂ ವಿವರಿಸಿ ಹೇಳಬೇಕಾದುದಲ್ಲ.

‘ಸಾಮಾಜಿಕ ಅಂತರ’ ಎಂಬ ಪದವನ್ನು ಕುರಿತು ಒಂದು ಮಾತು. ಇಂಗ್ಲಿಷಿನಿಂದ ಅಕ್ಷರಶಃ ತಂದ ಈ ಪದಪುಂಜವು ಕನ್ನಡದಲ್ಲಿ ಶತಮಾನಗಳ ಅಸ್ಪೃಶ್ಯತೆಯ ವರ್ಣನೆಯಂತೆ ಕೇಳಿಸುತ್ತದೆ. ಮುಂದೆ ‘ದೈಹಿಕ ಅಂತರ’, ‘ವ್ಯಕ್ತಿಗತ ಅಂತರ’ ಎಂಬ ರೂಪಗಳು ಬಂದರೂ ಮೊದಲಿನದೇ ಗಟ್ಟಿಯಾಗಿ ಉಳಿಯಿತು. ‘ದೂರ ನಿಲ್ರಿ’ ಎಂಬ ಎರಡು ಶಬ್ದಗಳು ಮಾಡಬಲ್ಲ ಕೆಲಸಕ್ಕೆ ಇಷ್ಟು ಭಾರವಾದ ಪದವನ್ನು ಆಯ್ದುದು ಆಡಳಿತ ಕನ್ನಡದ ಹಳೆಯ ರೋಗಗಳಲ್ಲೊಂದು.

6

ರೋಗವನ್ನು ಮನುಷ್ಯನಿಂದ ಬಿಡಿಸಿ ಮತ್ತೆ ಹೊರಗಿನ ಶಕ್ತಿಯಾಗಿ ಕಾಣುವ ಪ್ರಯತ್ನಗಳೂ ನಡೆಯದೆ ಇರಲಿಲ್ಲ. 2020ರ ಮಾರ್ಚ್ 22ರ ಸಂಜೆ ಐದು ಗಂಟೆಗೆ ಆರೋಗ್ಯ ಸಿಬ್ಬಂದಿಗೆ ಕೃತಜ್ಞತೆ ಸೂಚಿಸಲೆಂದು ಚಪ್ಪಾಳೆ ತಟ್ಟಲು, ತಟ್ಟೆ ಬಾರಿಸಲು ಕರೆ ಬಂದಾಗ, ಜಾಗಟೆ, ಶಂಖಗಳೂ ಹೊರಬಂದುದನ್ನು ಕೇವಲ ಅತ್ಯುತ್ಸಾಹವೆಂದು ಬಗೆಯಲಾಗದು. ವಾದ್ಯದ ಸದ್ದಿನಿಂದ ಮಾರಿಯನ್ನು ಗಡಿ ದಾಟಿಸುವ ಪದ್ಧತಿಯ ನೆನಪು ಆ ಸದ್ದಿನಲ್ಲಿ ಬೆರೆತಿದ್ದೀತು. 2021ರ ಮೇ ತಿಂಗಳಿನಲ್ಲಿ, ಎರಡನೆಯ ಅಲೆ ಉಕ್ಕಿದಾಗ, ಕೊಳ್ಳೇಗಾಲ ತಾಲೂಕಿನ ಮಧುವನಹಳ್ಳಿಯಲ್ಲಿ ‘ಕೊರೊನಾ ಮಾರಮ್ಮ’ನ ಮೂರ್ತಿಯನ್ನು ಸ್ಥಾಪಿಸಿ ಪೂಜಿಸಲಾಯಿತು. ಬೆಂಗಳೂರಿನ ಪ್ಲೇಗು ಮಾರಮ್ಮನ ಗುಡಿಗಳನ್ನು ಬಲ್ಲವರಿಗೆ ಇದರಲ್ಲಿ ಹೊಸತೇನೂ ಇರಲಿಲ್ಲ.

ಬೆಳಗಾವಿ ಜಿಲ್ಲೆಯ ಸ್ಥಿತಿ ಕೊಂಚ ಬೇರೆ. ಮೈಮೇಲಿನ ಬೇನೆಗಳಿಗೆ ಹರಕೆ ಹೊರುವ, ಕನ್ನಡಿಗರೂ ಮರಾಠಿಗರೂ ಸಮಾನವಾಗಿ ನಡೆದುಕೊಳ್ಳುವ ಸವದತ್ತಿಯ ಯಲ್ಲಮ್ಮನ ಗುಡಿಯೇ 2020ರ ಮಾರ್ಚ್‌ನಲ್ಲಿ ಮುಚ್ಚಿ, ಮರುವರ್ಷದ ಆರಂಭದವರೆಗೆ ಭಕ್ತರಿಗೆ ತೆರೆಯಲಿಲ್ಲ. ಬೇನೆಯನ್ನು ಒಯ್ದು ಒಪ್ಪಿಸಬೇಕಾದ ಬಾಗಿಲಿಗೆ ಬೇನೆಯ ಕಾರಣದಿಂದಲೇ ಬೀಗ ಬಿದ್ದಿತು. 2021ರ ಮೇ ಕೊನೆಯಲ್ಲಿ ಗೋಕಾಕ ತಾಲೂಕಿನ ಕೊಣ್ಣೂರಿನ ಮರಡಿಮಠದಲ್ಲಿ ನಡೆದ ಪ್ರಸಂಗವನ್ನು ಇದೇ ಹಿನ್ನೆಲೆಯಲ್ಲಿ ಓದಬೇಕು. ಊರಿನ ಪೀಡೆ ಕಳೆಯಲೆಂದು ದೇವರ ಹೆಸರಿನಲ್ಲಿ ಬಿಟ್ಟ ಕುದುರೆ ಸತ್ತಾಗ, ನಿರ್ಬಂಧಗಳ ನಡುವೆಯೂ ನೂರಾರು ಜನ ಅದರ ಅಂತ್ಯಸಂಸ್ಕಾರಕ್ಕೆ ನೆರೆದರು. ತರುವಾಯ ಆ ಪ್ರದೇಶವನ್ನು ಹದಿನಾಲ್ಕು ದಿನ ಸೀಲ್‌ಡೌನ್ ಮಾಡಿ ಜನರನ್ನು ಪರೀಕ್ಷೆಗೆ ಒಳಪಡಿಸಲಾಯಿತು. ಸುದ್ದಿವಾಹಿನಿಗಳು ಇದನ್ನು ಮೌಢ್ಯದ ಮಾದರಿಯೆಂದು ತೋರಿಸಿದವು. ಗುಂಪು ಸೇರಿದುದು ಅಪಾಯಕಾರಿ ಎಂಬುದರಲ್ಲಿ ಸಂದೇಹವಿಲ್ಲ. ಆದರೆ ಮನುಷ್ಯರ ಶವಗಳಿಗೆ ನಾಲ್ಕು ಜನ ಹೆಗಲು ಕೊಡಲಾಗದ, ಮುಖ ನೋಡಲಾಗದ ತಿಂಗಳುಗಳಲ್ಲಿ ಒಂದು ಸಾವಿಗೆ ಊರೆಲ್ಲ ಸೇರಿ ಅತ್ತಿತು ಎಂಬುದೂ ಆ ದೃಶ್ಯದಲ್ಲಿದೆ. 2020ರ ಸೆಪ್ಟೆಂಬರ್ 23ರಂದು ಬೆಳಗಾವಿಯ ಲೋಕಸಭಾ ಸದಸ್ಯ, ಕೇಂದ್ರ ಸಚಿವ ಸುರೇಶ ಅಂಗಡಿಯವರು ದೆಹಲಿಯಲ್ಲಿ ಕೋವಿಡ್‌ನಿಂದ ತೀರಿಕೊಂಡಾಗ ಅವರ ಅಂತ್ಯಸಂಸ್ಕಾರವೂ ಅಲ್ಲಿಯೇ ನಡೆಯಿತು. ಊರಿಗೆ ದೇಹ ಬರಲಿಲ್ಲ.

ಈ ಆಚರಣೆಗಳು ಸಿಡುಬಿನ ದೇವಿಯಷ್ಟು ಆಳಕ್ಕೆ ಇಳಿಯಲಿಲ್ಲವೆಂಬುದನ್ನೂ ಗುರುತಿಸಬೇಕು. ಬೆಳಗಾವಿಯ ಆಡುಮಾತಿನಲ್ಲಿ ‘ಕೊರೊನಾ’ ಹೆಣ್ಣಾಗಲಿಲ್ಲ, ‘ಬಂದಾಳ’ ಎನಿಸಿಕೊಳ್ಳಲಿಲ್ಲ; ಅದು ನಪುಂಸಕಲಿಂಗದಲ್ಲಿ ‘ಬಂದೈತಿ’ ಆಗಿಯೇ ಉಳಿಯಿತು. ಮಂಗನ ಕಾಯಿಲೆಯ ಉದಾಹರಣೆಯೂ ಇದನ್ನೇ ಹೇಳುತ್ತದೆ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರಿನ ಕಾಡಿನಲ್ಲಿ ಗುರುತಿಸಲಾದ ಈ ವೈರಾಣು ರೋಗ, 2016ರ ಸುಮಾರಿಗೆ ಗೋವೆಯ ಸತ್ತರಿ ತಾಲೂಕಿನ ಗೇರುತೋಟಗಳಿಗೆ ದುಡಿಯಲು ಹೋದವರ ಮೂಲಕ ಬೆಳಗಾವಿ ಜಿಲ್ಲೆಯ ಕಾಡಂಚನ್ನು ಮುಟ್ಟಿತು. ಅದಕ್ಕೆ ಮಂಗನ ಹೆಸರಿದೆ, ಊರಿನ ಹೆಸರಿದೆ, ದೇವಿಯ ಹೆಸರಿಲ್ಲ. ಪ್ರಯೋಗಾಲಯದಲ್ಲಿ ಹೆಸರು ಪಡೆದ ಬೇನೆಗಳನ್ನು ಜನಪದವು ತನ್ನ ಮನೆಯೊಳಗೆ ಪೂರ್ತಿಯಾಗಿ ಕರೆದುಕೊಂಡಂತೆ ಕಾಣುವುದಿಲ್ಲ.

ಆದರೆ ಇನ್ನೊಂದು ಹಾದಿಯಿಂದ ಕೊರೊನಾ ಕನ್ನಡದೊಳಕ್ಕೆ ಬಂದಿದೆ. ‘ಪ್ಲೇಗಿನಾಗ’, ‘ಬರದಾಗ’ ಎಂದು ಹಿರಿಯರು ಕಾಲವನ್ನು ಗುರುತಿಸುತ್ತಿದ್ದರು. ಸಪ್ತಮಿಯ ಈ ರೂಪಗಳಲ್ಲಿ ಬೇನೆಯು ಸ್ಥಳವೂ ಅಲ್ಲ, ಬಂದವಳೂ ಅಲ್ಲ, ಒಂದು ಅವಧಿ. ಇತ್ತೀಚಿನ ವರ್ಷಗಳಲ್ಲಿ ಬೆಳಗಾವಿ ಪರಿಸರದಲ್ಲಿ ‘ಕೊರೊನಾದಾಗ ಲಗ್ನ ಆತು’, ‘ಕೊರೊನಾದಾಗಿಂದ ಅಂಗಡಿ ಇಲ್ಲ’, ‘ಆ ಉದ್ರಿ ಕೊರೊನಾದಾಗಿಂದು’ ಎಂಬ ಪ್ರಯೋಗಗಳು ಸಹಜವಾಗಿವೆ. ವೈದ್ಯಕೀಯದ ‘ಸೋಂಕಿತ’ವಾಗಲಿ, ಆಡಳಿತದ ‘ಸಾಮಾಜಿಕ ಅಂತರ’ವಾಗಲಿ ಈ ವಾಕ್ಯಗಳಲ್ಲಿಲ್ಲ. ಲಗ್ನ, ಅಂಗಡಿ, ಉದ್ರಿಗಳಿವೆ.